ಗೋಡೆ ಬೆಚ್ಚಗಿತ್ತು

ನಿಶಿಗಾಕಿ ಹಿಸಾನೊ ಅವರ ಜಾಕೆಟ್ಟು ನನ್ನ ಲಾಂಡ್ರಿಯಲ್ಲಿದೆ ಎಂಬ ಸುದ್ದಿ ನನಗೆ ಗೊತ್ತಾದದ್ದು ಮೀನಂಗಡಿಯಲ್ಲಿ.

"ಏನೇ ಸಾಚಿ, ಹಿಸಾನೊ ಅಕ್ಕನ ಜಾಕೆಟ್ ಇನ್ನೂ ಒಗೆದು ಕೊಟ್ಟಿಲ್ವಂತೆ? ಪಾಪ, ಈ ಚಳೀಲಿ ಹಳೇ ಸ್ವೆಟರ್ ಹಾಕ್ಕೊಂಡು ಓಣಿ ಸುತ್ತುತಾ ಇದಾರೆ. ಅಷ್ಟೊಂದು ಕೆಲಸ ಬಿದ್ದಿದೆಯಾ ನಿನಗೆ?" ಎಂದಳು ಮೀನಂಗಡಿಯಾಕೆ.

"ದಪ್ಪ ಬಟ್ಟೆ, ಒಣಗಬೇಡ್ವಾ," ಎಂದು ಎರಡು ಬಂಗುಡೆ ಕಟ್ಟಿಸಿಕೊಂಡು ಬಂದೆ. ಆ ಜಾಕೆಟ್ಟು ನನ್ನ ಅಂಗಡಿಗೆ ಬಂದೇ ಇರಲಿಲ್ಲ. ಆದರೆ ಯಾರ ಬಟ್ಟೆ ಬಂದಿದೆ, ಯಾರದು ಬಂದಿಲ್ಲ ಎಂದು ಲಾಂಡ್ರಿಯವಳು ಮೀನಂಗಡಿಯಲ್ಲಿ ನಿಂತು ಹೇಳತೊಡಗಿದರೆ ಆ ಲಾಂಡ್ರಿಗೆ ಯಾರೂ ಬಟ್ಟೆ ಕೊಡುವುದಿಲ್ಲ. ಅದಕ್ಕೇ ಬಾಯಿ ಮುಚ್ಚಿಕೊಂಡೆ. ಆದರೆ ಹಿಸಾನೊ ಅಕ್ಕ ಸುಳ್ಳು ಹೇಳುವ ಹೆಂಗಸಲ್ಲ. ಹೇಳಿದ್ದಾರೆ ಎಂದರೆ ಆಗಬಾರದ್ದೇನೋ ಆಗಿದೆ.

ಕ್ಯೋಟೋದ ಪಶ್ಚಿಮಕ್ಕೆ, ನೇಕಾರರ ಕೇರಿಯ ಹಿಂದೆ, ಎರಡು ಸೈಕಲ್ಲು ಎದುರುಬದುರಾದರೆ ಒಂದು ಇಳಿಯಬೇಕಾದಷ್ಟು ಸಣ್ಣದು ನಮ್ಮ ಓಣಿ. ಎರಡೂ ಬದಿಗೆ ಮರದ ಮನೆಗಳು, ಒಂದರ ಬೆನ್ನಿಗೆ ಇನ್ನೊಂದು. ನಡುವೆ ಇರುವುದು ಒಂದೇ ಗೋಡೆ, ಅದೂ ಬಿದಿರ ದಬ್ಬೆಗೆ ಮೆತ್ತಿದ ಮಣ್ಣು. ಇಂಥ ಕಡೆ ಕಳ್ಳನಿಗೆ ಯಾರೂ ಹೆದರುವುದಿಲ್ಲ. ಬೆಂಕಿಗೆ ಹೆದರುತ್ತಾರೆ. ಪ್ರತಿ ಮನೆಯ ಬಾಗಿಲಲ್ಲಿ ಕೆಂಪು ಬಕೆಟ್ಟಿನ ತುಂಬ ನೀರು ಇರುತ್ತದೆ, ಪ್ರತಿ ಅಡುಗೆಮನೆಯಲ್ಲಿ ಬೆಂಕಿಯಿಂದ ಕಾಯುವ ಅತಾಗೊ ಗುಡ್ಡದ ದೇವರ ಚೀಟಿ ಅಂಟಿಸಿರುತ್ತದೆ. ಡಿಸೆಂಬರ್ ಬಂತೆಂದರೆ ಸಂಜೆ ಊಟವಾದ ಮೇಲೆ ನಾಲ್ಕಾರು ಜನ ಸೇರಿ ಓಣಿ ಸುತ್ತುತ್ತೇವೆ. ಮುಂದಿರುವವರು ಜೋಡಿ ಮರದ ತಾಳವನ್ನು ಟಕ್ ಟಕ್ ಎಂದು ಬಡಿದು, "ಬೆಂಕಿ ಜೋಪಾನ!" ಎಂದು ಕೂಗಬೇಕು. ಹಿಂದಿರುವವರು ಅದನ್ನೇ ತಿರುಗಿ ಕೂಗಬೇಕು.

ಆ ಮುಂದಿರುವವರು ಎಂದರೆ ಹಿಸಾನೊ ಅಕ್ಕ. ಗಂಡ ಹೋದಮೇಲೆ ಅವರದೇ ಪಟ್ಟ ಅದು. ಗಂಡ ಬಣ್ಣದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವರು, ಬಿಡುವಿನಲ್ಲಿ ಓಣಿಯ ಅಗ್ನಿದಳದ ಮುಖಂಡರು. ಬೆನ್ನಮೇಲೆ ಓಣಿಯ ಹೆಸರು ಬಿಳಿಯಲ್ಲಿ ಬರೆದ ನೀಲಿ ಹತ್ತಿ ಜಾಕೆಟ್ಟು ಅವರದು. ಅದರೊಳಗೆ ಅಕ್ಕನಂಥವರು ಇಬ್ಬರು ಹಿಡಿಸುತ್ತಿದ್ದರು. ತೋಳು ಮಡಚಿಕೊಂಡು, ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಅದನ್ನೇ ಹಾಕುತ್ತಿದ್ದರು. ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಬೇಯಿಸಿ ಹಾಕಿದ ಗಂಟಲು ಅವರದು. ಅವರು ಕೂಗಿದರೆ ಆಚೆ ಬೀದಿಯ ನಾಯಿ ಎದ್ದು ನಿಲ್ಲುತ್ತಿತ್ತು.

ಸುಳ್ಳೇಕೆ ಹೇಳಲಿ, ಅವರ ಕಾಟವೂ ಕಡಿಮೆಯದಲ್ಲ. ಬೆಳಿಗ್ಗೆ ಎಲ್ಲರ ಬಕೆಟ್ಟಿಗೂ ಬೆರಳು ಅದ್ದಿ ನೋಡುವರು. ಎಲೆ ಬಿದ್ದಿದ್ದರೆ ಬಾಗಿಲು ತಟ್ಟುವರು. ಸೀಮೆಎಣ್ಣೆ ಹೀಟರಿನ ಮೇಲೆ ಬಟ್ಟೆ ಒಣಹಾಕಿದ್ದು ಕಿಟಕಿಯಿಂದ ಕಂಡರಂತೂ ಮುಗಿಯಿತು. ಹೊಸದಾಗಿ ಬಂದ ಬಾಡಿಗೆಯವಳೊಬ್ಬಳು ಬೈಸಿಕೊಂಡು ನನ್ನ ಅಂಗಡಿಗೆ ಬಂದು ಅತ್ತಿದ್ದೂ ಉಂಟು. "ಕಾಲುಚೀಲ ಒಣಗಿಸಿದ್ದಕ್ಕೆ ಇಷ್ಟು ಅನ್ನಬೇಕಾ?" ಎಂದು.

ಅಕ್ಕನ ಪಕ್ಕದ ಮನೆಯ ಕುರಾಮಿತ್ಸು ಮಾತ್ರ ಅವರಿಗೆ ಬಗ್ಗುತ್ತಿರಲಿಲ್ಲ. ಸಿಟಿ ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯ, ಮುಖ ಸದಾ ಗಂಟು. ಅವನ ಹೆಂಡತಿ ಎತ್ಸು ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಳು. ಹಿಸಾನೊ ಅಕ್ಕ ದಿನಾ ಒಂದು ಬಟ್ಟಲು ಮಿಸೊ ಸಾರು ಕೊಟ್ಟು ಬರುತ್ತಿದ್ದರು. ಹಾಗೆ ಕೊಡುವಾಗಲೆಲ್ಲ ಕರೆಯುತ್ತಿದ್ದರು.

"ನೀವೂ ಒಂದು ದಿನ ಸುತ್ತೋಕೆ ಬನ್ನಿ ಕುರಾಮಿತ್ಸು ಸಾನ್. ಗಂಡಸರ ದನಿ ಒಂದಿದ್ರೆ ಚೆನ್ನಾಗಿರತ್ತೆ."

"ಮೂವತ್ತೆಂಟು ವರ್ಷ ಸ್ಟಾಪ್ ಹೆಸರು ಕೂಗಿದೀನಿ. ನನ್ನ ಪಾಲಿನ ಕೂಗು ಮುಗೀತು. ನೀವು ಕೂಗಿ, ನಾವು ಮಲಗ್ತೀವಿ."

ಇಷ್ಟು ಹೇಳಿ ಬಾಗಿಲೆಳೆದುಕೊಳ್ಳುವನು.

ಅಕ್ಕನ ಈ ಬೆಂಕಿಯ ಹುಚ್ಚಿಗೆ ಕಾರಣ ನನಗೆ ಗೊತ್ತು. ಅವರು ಮದುವೆಯಾಗಿ ಈ ಓಣಿಗೆ ಬಂದ ವರ್ಷವೇ ಎದುರುಗಡೆಯ ಹಾಮಾನೊ ಮನೆಯಲ್ಲಿ ಎಣ್ಣೆ ಬಾಣಲೆ ಹೊತ್ತಿಕೊಂಡು ಮೂರು ಮನೆ ಸುಟ್ಟವು. ಯಾರೂ ಸಾಯಲಿಲ್ಲ. ಮಾರನೆಯ ಬೆಳಿಗ್ಗೆ ಹಾಮಾನೊ ಹೆಂಗಸು ಕರಗಿದ ಹಿಮದ ರಾಡಿಯಲ್ಲಿ ಮಂಡಿಯೂರಿ, ಹಣೆ ನೆಲಕ್ಕೆ ಹಚ್ಚಿ, ಒಂದೊಂದೇ ಬಾಗಿಲ ಮುಂದೆ ಕ್ಷಮೆ ಕೇಳಿದಳಂತೆ. ಆ ವಾರದಲ್ಲೇ ಸಂಸಾರ ಊರು ಬಿಟ್ಟಿತು. ನಮ್ಮ ಕಾನೂನು ಈ ವಿಷಯದಲ್ಲಿ ಮೆತ್ತಗಿದೆ. ಕೈತಪ್ಪಿ ಹೊತ್ತಿದ ಬೆಂಕಿ ಪಕ್ಕದ ಮನೆಗೆ ಹರಡಿದರೂ ನಷ್ಟ ತುಂಬಿಕೊಡಬೇಕೆಂದಿಲ್ಲ. ಮರದ ಮನೆಗಳ ಊರಿನಲ್ಲಿ ಯಾರಿಂದ ತಾನೇ ತುಂಬಿಕೊಡಲಾದೀತು? ದುಡ್ಡು ಕೊಡಬೇಕಿಲ್ಲವಲ್ಲ, ಅದಕ್ಕೇ ತಲೆ ತಗ್ಗಿಸಬೇಕಾಗುತ್ತದೆ. ಆ ಜಾಗ ಈಗ ಕಾರು ನಿಲ್ಲಿಸುವ ಸ್ಥಳ. ಆದರೂ ನಾವು ಇವತ್ತಿಗೂ ಅದನ್ನು ಕರೆಯುವುದು 'ಹಾಮಾನೊ ಸುಟ್ಟ ಜಾಗ' ಎಂದೇ. ಆ ಮನೆತನದ ಹೆಸರು ಉಳಿದಿರುವುದು ಹಾಗೆ.

ಬಂಗುಡೆಯನ್ನು ಮನೆಯಲ್ಲಿಟ್ಟು ನಾನು ನೆಟ್ಟಗೆ ಅಕ್ಕನ ಮನೆಗೆ ಹೋದೆ. ಬಾಗಿಲು ಒಂದು ಗೇಣು ತೆರೆಯಿತು.

"ನನ್ನ ಅಂಗಡೀಲಿ ನಿಮ್ಮ ಜಾಕೆಟ್ ಇದೆಯಂತೆ," ಎಂದೆ. "ಎಲ್ಲಿ ಇಟ್ಟಿದೀನಿ ಅಂತ ನನಗೇ ಗೊತ್ತಿಲ್ಲ. ನೀವಾದ್ರೂ ಹೇಳಿ."

ಅವರು ಒಳಗೆ ಬಿಟ್ಟುಕೊಂಡರು. ಬಟ್ಟೆಯ ವಾಸನೆಯಲ್ಲೇ ಬದುಕಿದವಳು ನಾನು. ಯಾರ ಗಂಡ ಎಲ್ಲಿ ಕುಡಿದ, ಯಾರ ಮನೆಯಲ್ಲಿ ಕಾಯಿಲೆ, ಎಲ್ಲ ಕಾಲರಿನಲ್ಲಿ ಸಿಗುತ್ತದೆ. ಆ ಮನೆಯ ಸುಟ್ಟ ವಾಸನೆ ತಿಳಿಯಲು ನನಗೆ ಎರಡನೆಯ ಉಸಿರು ಬೇಕಾಗಲಿಲ್ಲ. ಅಡುಗೆಮನೆಯಲ್ಲಿ ಫ್ರಿಜ್ಜು ಇರುವ ಜಾಗದಲ್ಲಿ ಇರಲಿಲ್ಲ. ಕುರಾಮಿತ್ಸು ಮನೆಯ ಕಡೆಯ ಗೋಡೆಗೆ ಒತ್ತಿ, ನಡೆಯುವ ದಾರಿಗೇ ಅಡ್ಡ ನಿಂತಿತ್ತು. ಅದರ ಅಂಚಿನಿಂದ ಕಪ್ಪಾದ ಹಲಗೆ ಇಣುಕುತ್ತಿತ್ತು. ಮೇಲೆ ಅತಾಗೊ ದೇವರ ಚೀಟಿ, ಒಂದು ಮೂಲೆ ಕಂದು ಬಣ್ಣಕ್ಕೆ ತಿರುಗಿ ಸುರುಳಿಯಾಗಿತ್ತು.

"ಯಾವಾಗ?"

"ಸುತ್ತಾಟ ಶುರುವಾದ ವಾರದಲ್ಲೇ. ಹಿಂದಿನ ಸಂಜೆ ಹಿಮಮಳೆ ಬಂತಲ್ಲ, ಜಾಕೆಟ್ ತೊಯ್ದು ತೊಪ್ಪೆ ಆಗಿತ್ತು. ಸಂಜೆಗೆ ಬೇಕಿತ್ತು. ಹೀಟರ್ ಮೇಲೆ..." ಅಲ್ಲಿಗೆ ನಿಲ್ಲಿಸಿದರು. ಆಮೇಲೆ, "ಹೀಟರ್ ಮೇಲೆ ಹಗ್ಗ ಕಟ್ಟಿ ಹಾಕಿದ್ದೆ," ಎಂದು ಮುಗಿಸಿದರು.

ಅವರು ಓಣಿಯ ಅರ್ಧ ಜನರನ್ನು ಅಳಿಸಿದ್ದೇ ಆ ವಿಷಯಕ್ಕೆ.

"ಹಾಕಿ ಎಲ್ಲಿ ಹೋದ್ರಿ?"

"ಓಣಿ ತುದಿಯ ಮನೆಯೋರು ಹಳೇ ಪೇಪರ್ ಕಟ್ಟು ಬಾಗಿಲಾಚೆ ಇಟ್ಟಿದ್ರು. ಬೆಂಕಿ ಇಡೋರಿಗೆ ಕೈಗೆ ಕೊಟ್ಟಹಾಗಲ್ವಾ ಅಂತ ಹೇಳೋಕೆ ಹೋಗಿದ್ದೆ."

ನನಗೆ ನಗು ಬಂದುಬಿಟ್ಟಿತು. ತಡೆಯಲಾಗಲಿಲ್ಲ. ಅವರು ನಗಲಿಲ್ಲ. ಅವರ ಮುಖ ಕಂಡು ನನ್ನ ನಗು ಅಲ್ಲೇ ಸತ್ತಿತು. ಹಿಂತಿರುಗಿ ಬಂದಾಗ ಉರಿ ಮಾಡಿನವರೆಗೆ ಹತ್ತಿತ್ತಂತೆ. ಬಾಗಿಲಲ್ಲಿದ್ದ ಕೆಂಪು ಬಕೆಟ್ಟಿನ ನೀರು ಎರಚಿ, ಹಾಸಿಗೆ ನೆನೆಸಿ ಮೇಲೆಸೆದು, ಒಬ್ಬರೇ ಆರಿಸಿದ್ದರು. ಯಾರನ್ನೂ ಕರೆಯಲಿಲ್ಲ. ಆ ಗಂಟಲಿನಿಂದ 'ಬೆಂಕಿ' ಎಂಬ ಒಂದು ಕೂಗು ಹೊರಡಲಿಲ್ಲ. ಕುರಾಮಿತ್ಸು ಔಷಧಿ ತರಲು ಆಸ್ಪತ್ರೆಗೆ ಹೋಗಿದ್ದ. ಹೊಗೆ ಕಂಡು ಕೇಳಿದ ಒಬ್ಬರಿಗೆ ಮೀನು ಸೀದಿತು ಎಂದು ಹೇಳಿದ್ದರು.

"ನಿಮಗೆ ವಿಮೆ ಇದೆಯಲ್ಲ ಅಕ್ಕ," ಎಂದೆ. "ಸೊರಿಮಾಚಿ ಸಾನ್ ಹತ್ರ ತಾನೇ ಮಾಡಿಸಿದ್ದು? ಕರೀರಿ ಅವರನ್ನ."

ಸೊರಿಮಾಚಿ ನಮ್ಮ ಭಾಗದ ವಿಮೆ ಏಜೆಂಟು. ಅವನ ಎರಡು ಸೂಟೂ ನನ್ನಲ್ಲೇ ಇಸ್ತ್ರಿಯಾಗುವುದು. ಮಾರನೆಯ ಮಧ್ಯಾಹ್ನ ಸೈಕಲ್ಲಿನಲ್ಲಿ ಬಂದ. ಅಕ್ಕ ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡರು. ಅವನು ಫ್ರಿಜ್ಜು ಸರಿಸಿ, ಬಗ್ಗಿ, ಬೆರಳಿನಿಂದ ಹಲಗೆ ಕೆರೆದು ನೋಡಿ, ಚಹಾ ಕುಡಿಯಲು ಕೂತ.

"ಹಲಗೆ, ನೆಲ, ಮಾಡಿನ ಒಂದು ಪಟ್ಟಿ. ಬಡಗಿ ಕೂಲಿ ಸೇರಿ ಒಂದು ಲಕ್ಷ ಎಂಬತ್ತು ಸಾವಿರ ಯೆನ್ ಆಗಬಹುದು. ದೊಡ್ಡದೇನಲ್ಲ, ಪೂರ್ತಿ ಬರತ್ತೆ. ಮುಂದಿನ ಕಂತೂ ಇದರಿಂದ ಹೆಚ್ಚಾಗಲ್ಲ. ಇಷ್ಟು ವರ್ಷ ಕಟ್ಟಿದೀರ, ತಗೊಳ್ಳದೇ ಇದ್ರೆ ನಿಮ್ಮಷ್ಟು ಪೆದ್ದರು ಯಾರೂ ಇಲ್ಲ."

"ಏನೇನು ಬೇಕು?"

"ಫೋಟೊ, ಬಡಗಿ ಕೊಟ್ಟ ಅಂದಾಜು. ಮತ್ತೆ ಅಗ್ನಿಶಾಮಕದವರ ಪ್ರಮಾಣಪತ್ರ. ಬೆಂಕಿ ಬಿದ್ದಿದ್ದು ನಿಜ ಅಂತ ಅವರು ಬಂದು ನೋಡಿ ಬರೆದುಕೊಡಬೇಕು."

"ಬಂದು ನೋಡಿ ಅಂದ್ರೆ?"

"ಅಂದ್ರೆ, ಬರ್ತಾರೆ, ನೋಡ್ತಾರೆ."

"ಕೆಂಪು ಗಾಡೀಲಿ?"

"ಅವರಿಗೆ ಬೇರೆ ಬಣ್ಣದ್ದಿಲ್ಲ ಅಕ್ಕ. ಓಣಿ ಬಾಯಲ್ಲಿ ನಿಲ್ಲಿಸಿ ನಡೆದು ಬರ್ತಾರೆ. ಅಕ್ಕಪಕ್ಕದಲ್ಲೂ ಒಂದೆರಡು ಮಾತು ಕೇಳಬಹುದು."

ಅಕ್ಕ ತಮ್ಮ ಬಟ್ಟಲನ್ನೇ ನೋಡುತ್ತ ಕೂತರು. ಸೊರಿಮಾಚಿ ಸುಮ್ಮನಿರಲಾರದೆ, "ಪಕ್ಕದ ಮನೆಗೆ ತಾಗಿದ್ರೆ ಇನ್ನೊಂದಿಷ್ಟು ಬರತ್ತೆ. ಕ್ಷಮೆ ಕೇಳೋಕೆ ಹೋಗ್ತೀವಲ್ಲ, ಆ ಖರ್ಚಿಗೆ," ಎಂದ.

"ತಲೆ ತಗ್ಗಿಸೋದಕ್ಕೂ ವಿಮೆ ಇದೆಯಾ?" ಎಂದು ನಾನು ಕೇಳಿದೆ.

"ಖರ್ಚಿಗೆ ಇದೆ. ತಗ್ಗಿಸೋದು ಅವರವರೇ." ನಗೆಯಾಡಿ, ಆಮೇಲೆ ಗೋಡೆಯನ್ನು ಗಲ್ಲದಿಂದಲೇ ತೋರಿಸಿ, "ಆ ಕಡೆ ಏನೂ ಆಗಿಲ್ಲ ತಾನೇ?" ಎಂದ.

"ಏನೂ ಇಲ್ಲ. ಮಣ್ಣುಗೋಡೆ," ಎಂದರು ಅಕ್ಕ ತಕ್ಷಣ.

ಅವನು ಹೋದ ಮೇಲೆ ನಾನು ಗೊಣಗಿದೆ. ಎರಡು ತಿಂಗಳಿಗೊಮ್ಮೆ ಬರುವ ಅವರ ಪಿಂಚಣಿ ಆ ರಿಪೇರಿಗಿಂತ ತುಸುವೇ ಹೆಚ್ಚು. "ಹಕ್ಕಿನ ದುಡ್ಡು ಅಕ್ಕ. ಯಾಕೆ ಬಿಡ್ತೀರ?"

"ಒಂದು ಲಕ್ಷ ಎಂಬತ್ತು ಸಾವಿರಕ್ಕೆ ನನ್ನ ಮುಖ ಮಾರ್ಕೊಳ್ಳಲಾ ಸಾಚಿ? ಆ ಹುಡುಗಿ ಕಾಲುಚೀಲ ಒಣಹಾಕಿದ್ದಕ್ಕೆ ಏನೆಲ್ಲ ಅಂದಿದ್ದೆ ನಾನು. ಹಾಮಾನೊ ಹೆಂಗಸಿನ ಹಣೆ ಮೇಲಿನ ಕೆಸರು ನಾನು ಕಣ್ಣಾರೆ ನೋಡಿದೀನಿ. ಎಪ್ಪತ್ತಾರು ವಯಸ್ಸಿಗೆ ನಾನು ಎಲ್ಲಿಗೆ ಹೋಗಲಿ?"

"ಯಾರೂ ನಿಮ್ಮನ್ನ ಓಡಿಸಲ್ಲ."

"ಅವಳನ್ನೂ ಯಾರೂ ಓಡಿಸಲಿಲ್ಲ. ಯಾರೂ ಮಾತಾಡಿಸಲಿಲ್ಲ, ಅಷ್ಟೇ."

ನಮ್ಮ ಓಣಿಯ ಸ್ವಭಾವ ನನಗೇನು ತಿಳಿಯದ್ದೇ? ಜಗಳವಾಡಿದರೆ ಬದುಕಬಹುದು. ಇಲ್ಲಿ ಜಗಳವಾಡುವುದಿಲ್ಲ. ನಮಸ್ಕಾರಕ್ಕೆ ನಮಸ್ಕಾರ ಹೇಳಿ, ಬಾಗಿಲೆಳೆದುಕೊಳ್ಳುತ್ತಾರೆ.

ಕೊನೆಗೆ ಅವರು ಮಾಡಿದ ತೀರ್ಮಾನ ಇದು: ವಿಮೆ ಬೇಡ. ಹೊಸ ವರ್ಷ ಕಳೆಯಲಿ, ಊರಾಚೆಯಿಂದ ಒಬ್ಬ ಬಡಗಿಯನ್ನು ಕರೆಸಿ, ಹಲಗೆ ಹುಳ ತಿಂದಿದೆ ಎಂದು ಹೇಳಿ ಹೊಸದು ಹೊಡೆಸುವುದು. ಅಲ್ಲಿಯವರೆಗೆ ಫ್ರಿಜ್ಜು ಇದೆ. ಜಾಕೆಟ್ಟು ನನ್ನ ಅಂಗಡಿಯಲ್ಲಿದೆ. ನನಗೆ ಸಿಟ್ಟು ಬಂತು, ಆದರೂ ಒಪ್ಪಿಕೊಂಡೆ. ಕೇಳಿದವರಿಗೆಲ್ಲ, "ಕಲೆ ಹೋಗ್ತಾ ಇಲ್ಲ," ಎಂದು ಹೇಳತೊಡಗಿದೆ.

ಅವತ್ತಿನ ಸುತ್ತಾಟದಲ್ಲಿ ತಾಳ ಎಂದಿನಂತೆಯೇ ಬಡಿಯಿತು. ಕೂಗು ಮಾತ್ರ ಮೊಟಕಾಯಿತು. ಜೊತೆಯವರು ನೆಗಡಿಯಿರಬೇಕೆಂದುಕೊಂಡರು. ಹಾಮಾನೊ ಸುಟ್ಟ ಜಾಗ ದಾಟುವಾಗ ಅವರು ಆ ಕಡೆ ನೋಡಲೇ ಇಲ್ಲ. ಕುರಾಮಿತ್ಸು ಕಿಟಕಿಯಿಂದ, "ಏನು, ಬ್ಯಾಟರಿ ಇಳಿದಿದೆಯಾ ಇವತ್ತು?" ಎಂದು ಕೊಂಕು ತೆಗೆದ. ಎಂದಿನ ಹಾಗೆ ತಿರುಗಿ ಅನ್ನದೆ ಅಕ್ಕ ಮುಂದೆ ನಡೆದರು.

ಎರಡು ದಿನ ಬಿಟ್ಟು ನಾನು ಎತ್ಸುವಿನ ಒಗೆದ ಹಾಸುವಸ್ತ್ರ ಕೊಡಲು ಅವರ ಮನೆಗೆ ಹೋದೆ. ಹಿಸಾನೊ ಅಕ್ಕ ಆಗಲೇ ಅಲ್ಲಿ ಕೂತು ಚಮಚದಲ್ಲಿ ಸಾರು ಕುಡಿಸುತ್ತಿದ್ದರು. ಕುರಾಮಿತ್ಸು ಹಿತ್ತಲಲ್ಲಿ ಏನೋ ತೊಳೆಯುತ್ತಿದ್ದ. ಎತ್ಸುವಿನ ಹಾಸಿಗೆ ಗೋಡೆಗೆ ತಾಗಿಯೇ ಇದೆ. ಬಲಗೈ ಒಂದೇ ಅವಳ ಮಾತು ಕೇಳುವುದು, ಅದು ಗೋಡೆಯ ಕಡೆಗಿನದು. ಬಾಯಿಂದ ಪದಗಳು ಒಂದೊಂದಾಗಿ, ಹುಡುಕಿ ತಂದಂತೆ ಬರುತ್ತವೆ.

"ಅಕ್ಕ, ಮತ್ತೆ ಯಾವಾಗ?" ಎಂದಳು.

"ಏನು ಮತ್ತೆ ಯಾವಾಗ, ಎತ್ಸು? ಸಾರಾ? ನಾಳೆ ತರ್ತೀನಿ."

"ಸಾರಲ್ಲ. ಗೋಡೆ." ಅವಳು ಅಂಗೈಯನ್ನು ಗೋಡೆಗೆ ಒತ್ತಿ ತೋರಿಸಿದಳು. "ಅವತ್ತು ಗೋಡೆ ಬೆಚ್ಚಗಿತ್ತು."

ಚಮಚ ಬಟ್ಟಲಿನ ಮೇಲೆ ನಿಂತಿತು.

"ಕೈ ಇಟ್ಕೊಂಡೇ ಮಲಗಿದ್ದೆ. ಸಂಜೆಯಿಂದ ಬೆಳಗಿನ ತನಕ. ತುಂಬ ಹಿತವಾಗಿತ್ತು. ಇವರಿಗೆ ಹೇಳಿದ್ರೆ, ನಿನಗೆ ಭ್ರಮೆ ಅಂದ್ರು." ಅವಳು ಮುಖದ ಒಂದೇ ಬದಿಯಲ್ಲಿ ನಕ್ಕಳು. "ನೀವು ಆ ಕಡೆ ಒಲೆ ಇಟ್ಟಿದೀರ ಅಂದ್ಕೊಂಡೆ. ನನಗೋಸ್ಕರ."

ಹಿಸಾನೊ ಅಕ್ಕ ಕೈಯೆತ್ತಿ ಆ ಅಂಗೈಯ ಪಕ್ಕದಲ್ಲಿ ತಮ್ಮ ಅಂಗೈ ಇಟ್ಟರು. ನಾನೂ ಮುಟ್ಟಿ ನೋಡಿದೆ. ಗೋಡೆ ತಣ್ಣಗೆ ಕೊರೆಯುತ್ತಿತ್ತು. ಆ ಗೋಡೆಯ ಆಚೆ ಇರುವುದು ಫ್ರಿಜ್ಜು ಎಂದು ನಮ್ಮಿಬ್ಬರಿಗೂ ಗೊತ್ತು. ಆರಿತು ಎಂದು ಅಕ್ಕ ಬಾಗಿಲು ಹಾಕಿ ಮಲಗಿದ ಮೇಲೆ, ಹಲಗೆಯ ಹಿಂದೆ ಒಂದಿಡೀ ರಾತ್ರಿ ಬೆಂಕಿ ಕೆಂಡವಾಗಿ ಕೂತಿತ್ತು. ಹೊರಳಲೂ ಆಗದ ಹೆಂಗಸೊಬ್ಬಳು ಅದರ ಮೇಲೆ ಕೈಯಿಟ್ಟುಕೊಂಡು, ಬೆಚ್ಚಗಿದೆ ಎಂದು ಸಂತೋಷಪಟ್ಟಿದ್ದಳು.

ಉಳಿದ ಸಾರನ್ನು ಅಕ್ಕ ಪೂರ್ತಿ ಕುಡಿಸಿದರು. ಬಾಯಿ ಒರೆಸಿದರು. ಎದ್ದು ಮನೆಗೆ ನಡೆದರು. ನಾನು ಹಿಂದೆಯೇ ಓಡಿದೆ. ಅವರು ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಹೋಗಿ ಫೋನು ಎತ್ತಿಕೊಂಡಿದ್ದರು.

"ಸೊರಿಮಾಚಿಗಾ?" ಎಂದೆ.

"ಅವನು ಆಮೇಲೆ. ಗೋಡೆಯೊಳಗೆ ಏನಿದೆ ಅಂತ ಅವನಿಗೇನು ಗೊತ್ತು?" ಎರಡು ಸಲ ತಪ್ಪು ಅಂಕಿ ಒತ್ತಿದರು. ಮೂರನೆಯ ಸಲ ಸರಿಯಾಯಿತು. ಅಗ್ನಿಶಾಮಕ ಠಾಣೆಯವರಿಗೆ ತಮ್ಮ ಪೂರ್ತಿ ಹೆಸರು, ವಿಳಾಸ ಹೇಳಿ, "ನಮ್ಮನೇಲಿ ಬೆಂಕಿ ಬಿದ್ದಿತ್ತು. ನಾನೇ ಹಚ್ಚಿದ್ದು. ಬಂದು ಗೋಡೆ ಒಡೆದು ನೋಡಿ," ಎಂದರು.

ಕೆಂಪು ಗಾಡಿ ಓಣಿಯ ಬಾಯಲ್ಲಿ ನಿಂತಿತು. ಒಂದೊಂದೇ ಬಾಗಿಲು ಸರಿಯಿತು. ಅಧಿಕಾರಿಗಳು ಸುಟ್ಟ ಹಲಗೆ ಕಿತ್ತರು, ಮಣ್ಣು ಕೆರೆದರು. ಒಳಗಿನ ಮರದ ಕಂಬ ಆಳುದ್ದ ಇದ್ದಿಲಾಗಿತ್ತು, ಬಿದಿರ ದಬ್ಬೆ ಬೂದಿಯಾಗಿ ಉದುರಿತು. ಎತ್ಸುವಿನ ಕಡೆ ಉಳಿದಿದ್ದದ್ದು ಅಂಗೈ ದಪ್ಪದ ಮಣ್ಣು, ಅಷ್ಟೇ. ಗಾಳಿ ಸಿಗದೆ ತಾನಾಗಿ ಆರಿದೆ ಎಂದರು ಅವರು. ಆ ಮಣ್ಣಿನಲ್ಲಿ ಒಂದು ಬಿರುಕು ಇದ್ದಿದ್ದರೆ ಎಂದು ಶುರುಮಾಡಿದ ಚಿಕ್ಕ ಪ್ರಾಯದ ಅಧಿಕಾರಿ, ಅಕ್ಕನ ಮುಖ ನೋಡಿ ಮಾತು ನುಂಗಿಕೊಂಡ. ತಾವಾಗಿ ಆರಿಸಿದರೂ ಆಗಲೇ ತಿಳಿಸಬೇಕಿತ್ತಲ್ಲ ಎಂದು ಹಿರಿಯವನು ಮೆಲ್ಲನೆ ಹೇಳಿದ. ಅಕ್ಕ ಹೌದು ಹೌದು ಎಂದು ತಲೆ ಬಗ್ಗಿಸುತ್ತಲೇ ಇದ್ದರು.

ಮರುದಿನ ಬೆಳಿಗ್ಗೆ ಅವರು ಬೂದು ಬಣ್ಣದ ಕಿಮೊನೊ ಉಟ್ಟು, ಸಿಹಿತಿಂಡಿಯ ಪೊಟ್ಟಣಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಹೊರಟರು. ನಾನು ಬರುತ್ತೇನೆ ಎಂದರೆ ಬೇಡ ಎಂದರು. ಅಂಗಡಿಯ ಬಾಗಿಲು ಸರಿಸಿಕೊಂಡು ನೋಡುತ್ತ, ಕೇಳುತ್ತ ನಿಂತೆ. ಸಂಜೆಯ ಸುತ್ತಾಟದ ದಾರಿಯನ್ನೇ, ಅದೇ ಮನೆಯಿಂದ ಅದೇ ಮನೆಗೆ ಹಿಡಿದಿದ್ದರು. ಕೈಯಲ್ಲಿ ತಾಳ ಇರಲಿಲ್ಲ, ಹಗಲಾಗಿತ್ತು, ಅಷ್ಟೇ ವ್ಯತ್ಯಾಸ. ಪ್ರತಿ ಬಾಗಿಲಲ್ಲೂ ಸೊಂಟ ಎರಡಾಗುವಷ್ಟು ಬಗ್ಗಿ ಹೇಳಿದರು: "ಹೀಟರ್ ಮೇಲೆ ಬಟ್ಟೆ ಒಣಹಾಕಿ ನಾನೇ ಬೆಂಕಿ ಹಚ್ಚಿದೆ. ಜಾಕೆಟ್ ಲಾಂಡ್ರೀಲಿಲ್ಲ, ಸುಟ್ಟುಹೋಯ್ತು. ಸುಳ್ಳು ಹೇಳಿದೆ. ಕ್ಷಮಿಸಬೇಕು."

ಮೀನಂಗಡಿಯಾಕೆ ಅವರ ಕೈ ಹಿಡಿದುಕೊಂಡಳು. ಒಬ್ಬರು ಪೊಟ್ಟಣ ಇಸಿದುಕೊಂಡು ಮಾತಿಲ್ಲದೆ ಒಳಗೆ ಹೋದರು. ಕಾಲುಚೀಲದ ಹುಡುಗಿಯ ಬಾಗಿಲಲ್ಲಿ ಅಕ್ಕ ಬಹಳ ಹೊತ್ತು ತಲೆ ಎತ್ತಲಿಲ್ಲ. ಆ ಹುಡುಗಿ ಕಂಗಾಲಾಗಿ, ತಾನೂ ಬಗ್ಗಿಬಿಟ್ಟಳು. ಇಬ್ಬರೂ ಹಾಗೇ ನಿಂತಿದ್ದರು.

ಕೊನೆಯದು ಕುರಾಮಿತ್ಸುವಿನ ಮನೆ. ಅವನು ಪೂರ್ತಿ ಕೇಳಿಸಿಕೊಂಡ.

"ಅವಳು ಗೋಡೆ ಬೆಚ್ಚಗಿದೆ ಅಂದಾಗ ಭ್ರಮೆ ಅಂದೆ ನಾನು," ಎಂದ. ದನಿ ಏರಲಿಲ್ಲ. ಏರಿದ್ದರೆ ಒಳ್ಳೆಯದಿತ್ತು. "ನೀವು ಆ ಕಡೆ ಮಲಗಿದ್ರಿ. ಗೊತ್ತಿದ್ದೂ ಬಾಯಿಬಿಡದೆ ಇಷ್ಟು ದಿನ ಸಾರು ಕುಡಿಸಿದ್ರಿ."

ಪೊಟ್ಟಣ ಮುಟ್ಟದೆ ಬಾಗಿಲು ಎಳೆದುಕೊಂಡ. ಅಕ್ಕ ಅದನ್ನು ಹೊಸ್ತಿಲ ಮೇಲಿಟ್ಟು, ಮುಚ್ಚಿದ ಬಾಗಿಲಿಗೆ ಇನ್ನೊಮ್ಮೆ ಬಗ್ಗಿ ಮನೆಗೆ ಬಂದರು. ಸಂಜೆ ಓಣಿಯ ಮುಖ್ಯಸ್ಥರಿಗೆ ತಾಳ ಒಪ್ಪಿಸಿದರು. ಮುಖ್ಯಸ್ಥರು ಬೇಡ ಎನ್ನಲಿಲ್ಲ. ಅದು ನನ್ನ ಕೈಗೆ ಬಂತು.

ವಿಮೆಯ ದುಡ್ಡು ಬಂತು. ಕಂಬ ಬದಲಿಸಬೇಕಾದ್ದರಿಂದ ಅಂದಾಜಿಗಿಂತ ಹೆಚ್ಚೇ ಬಂತು, ಕುರಾಮಿತ್ಸುವಿನ ಕಡೆಯ ಗೋಡೆಗೂ ಸೇರಿ. ಎಲ್ಲ ರಿಪೇರಿಗೇ ಹೋಯಿತು. ಸೊರಿಮಾಚಿ ಹೇಳಿದ್ದ ಕ್ಷಮೆಯ ಖರ್ಚಿನದನ್ನು ಕವರಿನಲ್ಲಿಟ್ಟು ಅಕ್ಕ ಕುರಾಮಿತ್ಸುವಿಗೆ ಕಳಿಸಿದರು, ಅದು ಹಾಗೇ ಹಿಂತಿರುಗಿತು. ಆಗ ಅವರು ಒಂದು ಬಿಸಿನೀರಿನ ಚೀಲ ಕೊಂಡರು, ತಮ್ಮ ಹಳೆಯ ಕಿಮೊನೊ ಹರಿದು ಅದಕ್ಕೆ ದಪ್ಪ ಗವುಸು ಹೊಲಿದರು. ಸಂಜೆ ಸುತ್ತಾಟದ ಹೊತ್ತಿಗೆ ಅದರಲ್ಲಿ ಬಿಸಿನೀರು ತುಂಬಿಕೊಂಡು ಪಕ್ಕದ ಬಾಗಿಲಲ್ಲಿ ನಿಂತರು.

"ಗೋಡೆ ತಣ್ಣಗಾಗಿದೆ," ಎಂದರಂತೆ. "ಎತ್ಸು ಕೈಗೆ."

ಕುರಾಮಿತ್ಸು ಬಹಳ ಹೊತ್ತು ನೋಡಿ, ಚೀಲ ಇಸಿದುಕೊಂಡ. ಬೆಳಿಗ್ಗೆ ಅದು ಖಾಲಿಯಾಗಿ ಅಕ್ಕನ ಕೆಂಪು ಬಕೆಟ್ಟಿನ ಮೇಲೆ ಇತ್ತು. ಸಂಜೆ ಮತ್ತೆ ತುಂಬಿ ಕೊಟ್ಟರು. ಚಳಿಗಾಲ ಮುಗಿಯುವವರೆಗೂ ಹಾಗೇ ನಡೆಯಿತು. ಒಂದು ದಿನವೂ ಅವನು ಒಂದು ಪದ ಆಡಲಿಲ್ಲ. ಒಂದು ದಿನವೂ ಬಾಗಿಲು ತೆರೆಯದೆ ಇರಲಿಲ್ಲ. ಒಳಗಿನಿಂದ ಎತ್ಸು, "ಬಂತಾ?" ಎಂದು ಕೇಳುವುದು ನನ್ನ ಕಿವಿಗೂ ಬಿದ್ದಿದೆ.

ಎತ್ಸು ಮಳೆಗಾಲದ ನಡುವೆ ತೀರಿಕೊಂಡಳು. ಕಾರಣ ಎದೆಯ ಕಾಯಿಲೆ, ಬೆಂಕಿಯಲ್ಲ. ಶವಯಾತ್ರೆಯ ದಿನ ಅಕ್ಕ ಎಲ್ಲರ ಹಿಂದೆ, ಬಾಗಿಲ ಹತ್ತಿರ ಕೂತಿದ್ದರು. ಪೆಟ್ಟಿಗೆ ಮುಚ್ಚುವ ಮೊದಲು ಕುರಾಮಿತ್ಸು ಹೆಂಡತಿಯ ಬಲಗೈಯ ಕೆಳಗೆ ಏನನ್ನೋ ಮಡಚಿ ಇಟ್ಟ. ಆ ಬಟ್ಟೆಯನ್ನು ನಾನು ಎಲ್ಲಿದ್ದರೂ ಗುರುತಿಸುತ್ತೇನೆ. ಅಕ್ಕನ ಕಿಮೊನೊದ ಗವುಸು.

ಮತ್ತೆ ಡಿಸೆಂಬರ್ ಬಂತು. ತಾಳ ಬಡಿಯುವವಳು ನಾನು. ನನ್ನ ಕೂಗಿಗೆ ನಾಯಿಯಿರಲಿ, ಬೆಕ್ಕೂ ಕಣ್ಣು ಬಿಡುವುದಿಲ್ಲ. ಹಿಸಾನೊ ಅಕ್ಕ ಬರುತ್ತಿದ್ದರು, ಸಾಲಿನ ತುದಿಯಲ್ಲಿ. ಎಲ್ಲರೂ ತಿರುಗಿ ಕೂಗುವಾಗ ಅವರ ತುಟಿ ಆಡುತ್ತಿತ್ತು, ದನಿ ಹೊರಡುತ್ತಿರಲಿಲ್ಲ. ನಾವು ಯಾರೂ ಕೇಳಲಿಲ್ಲ. ಅದೂ ನಮ್ಮ ಓಣಿಯ ಸ್ವಭಾವವೇ.

ಮೊದಲ ಹಿಮ ಬಿದ್ದ ಸಂಜೆ ಕುರಾಮಿತ್ಸುವಿನ ಬಾಗಿಲು ಸರಿಯಿತು. ಹಳೆಯ ಬಸ್ಸಿನ ಕೋಟು ಹಾಕಿ, ಗುಂಡಿ ಕುತ್ತಿಗೆಯವರೆಗೂ ಬಿಗಿದು ನಿಂತಿದ್ದ. ನನ್ನತ್ತ ಕೈ ಚಾಚಿದ. ನಾನು ತಾಳ ಕೊಟ್ಟೆ. ಅವನು ಅದನ್ನು ಸಾಲಿನ ಕೊನೆಗೆ ಒಯ್ದು ಅಕ್ಕನ ಕೈಯಲ್ಲಿಟ್ಟ.

"ನೀವು ಬಡೀರಿ," ಎಂದ. "ಮನೆಯೊಳಗೆ ಸದ್ದೇ ಇಲ್ಲ. ಅವಳಿದ್ದಾಗ ನಿಮ್ಮ ಕೂಗು ಕೇಳಿಸಿದ ಮೇಲೇ ಕಣ್ಣು ಮುಚ್ಚುತಾ ಇದ್ಲು."

ಅಕ್ಕ ತಾಳ ಹಿಡಿದುಕೊಂಡು ನಿಂತರು. ಬಾಯಿ ತೆರೆದರು. ಏನೂ ಬರಲಿಲ್ಲ.

"ನನ್ನಿಂದ ಆಗಲ್ಲ ಕುರಾಮಿತ್ಸು ಸಾನ್."

"ಕೂಗೋಕೆ ಯಾರು ಹೇಳಿದ್ರು? ಬಡೀರಿ ಅಂದೆ."

ಟಕ್, ಟಕ್. ಕುರಾಮಿತ್ಸು ನೆಟ್ಟಗೆ ನಿಂತು, ಎಷ್ಟೋ ವರ್ಷ ಬಸ್ಸಿನ ಕೊನೆಯ ಸೀಟಿನವರೆಗೂ ಮುಟ್ಟಿಸಿದ ದನಿಯಲ್ಲಿ, "ಬೆಂಕಿ ಜೋಪಾನ!" ಎಂದು ಕೂಗಿದ. ನಾವೆಲ್ಲ ಅವನನ್ನೇ ನೋಡಿದೆವು. ತಿರುಗಿ ಕೂಗಿದ್ದು ಒಬ್ಬರೇ. ಒಡೆದ ದನಿ, ವರ್ಷದಿಂದ ಬಳಸದ ದನಿ. ಆಚೆ ಬೀದಿಯಲ್ಲಿ ನಾಯಿ ಬೊಗಳಿತು.